ನ್ಯಾಯಾಧೀಶರು ಸ್ವತಂತ್ರರಾಗಿರಲಿ, ಲೆಕ್ಕವನ್ನೂ ಕೊಡಲಿ

(ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಕಾನೂನು ಅರಿವು ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ವರದಕ್ಷಿಣೆ ಸಾವಿನ ಕೇಸೊಂದು ಕೋರ್ಟಿನಲ್ಲಿ ಬಿದ್ದುಹೋದಾಗ ನಮ್ಮ ಸಭೆಗಳಲ್ಲಿ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. "ಮೇಡಂ, ಆ ಜಡ್ಜನ್ನ ಕೇಳೋರು ಯಾರೂ ಇಲ್ವಾ?" ಎನ್ನುವುದು ಮೊದಲನೆಯದು. "ಮೊದಲೇ ಎಂ.ಎಲ್.ಎ. ಹತ್ತಿರ ಹೋಗಿ ಜಡ್ಜಿಗೆ ಒಂದು ಮಾತು ಹೇಳಿಸಿದ್ದರೆ ಆಗ್ತಿತ್ತು" ಎನ್ನುವುದು ಎರಡನೆಯದು. ಎರಡೂ ನೊಂದ ಮನಸ್ಸಿನಿಂದ ಬಂದ ಮಾತುಗಳೇ. ಆದರೆ ಮೊದಲನೆಯದು ನ್ಯಾಯವಾದ ಪ್ರಶ್ನೆ, ಎರಡನೆಯದು ನಮ್ಮ ಕಾಲಿಗೇ ನಾವು ಹಾಕಿಕೊಳ್ಳುವ ಕೊಡಲಿ. ಈ ಎರಡರ ವ್ಯತ್ಯಾಸವನ್ನು ತಿಳಿಯುವುದೇ ಇವತ್ತಿನ ನನ್ನ ವಿಷಯ. ಪುಸ್ತಕದ ಭಾಷೆಯಲ್ಲಿ ಇದಕ್ಕೆ ನ್ಯಾಯಾಂಗದ ಸ್ವಾತಂತ್ರ್ಯ ಮತ್ತು ನ್ಯಾಯಾಂಗದ ಹೊಣೆಗಾರಿಕೆ ಎನ್ನುತ್ತಾರೆ.

ಹೆಸರು ದೊಡ್ಡದು, ವಿಷಯ ನಿಮಗೆ ಹೊಸದೇನಲ್ಲ. ನಿಮ್ಮ ಸಂಘದ ಲೆಕ್ಕ ಬರೆಯುವವಳನ್ನು ನೆನೆಸಿಕೊಳ್ಳಿ. ಊರಿನ ಗೌಡರು ಬಂದು "ನಮ್ಮವಳ ಹೆಸರಿನ ಸಾಲ ತೀರಿದೆ ಅಂತ ಬರೀ" ಎಂದರೆ ಅವಳು ಬರೆಯಬಾರದು. ಹಾಗೆ ಬರೆಯದಿರುವ ಧೈರ್ಯ ಅವಳಿಗೆ ಇರಬೇಕಾದರೆ ಅವಳ ಬೆನ್ನಿಗೆ ಸಂಘ ನಿಂತಿರಬೇಕು. ಇದು ಸ್ವಾತಂತ್ರ್ಯ. ಆದರೆ ಅದೇ ಹೆಂಗಸು "ನಾನು ಸ್ವತಂತ್ರಳು, ಪುಸ್ತಕ ತೋರಿಸುವುದಿಲ್ಲ" ಎಂದರೆ ನೀವು ಒಪ್ಪುತ್ತೀರಾ? ವಾರದ ಸಭೆಯಲ್ಲಿ ಪುಸ್ತಕ ಎಲ್ಲರ ಮುಂದೆ ತೆರೆಯಲೇಬೇಕು. ಇದು ಹೊಣೆಗಾರಿಕೆ. ಗೌಡರ ಮಾತು ಕೇಳಕೂಡದು, ಸಂಘಕ್ಕೆ ಲೆಕ್ಕ ಕೊಡಬೇಕು. ಒಂದು ಇನ್ನೊಂದಕ್ಕೆ ವಿರೋಧವಲ್ಲ.

ಸ್ವಾತಂತ್ರ್ಯ ಯಾರಿಗಾಗಿ?

ನ್ಯಾಯಾಧೀಶರಿಗೆ ನಮ್ಮ ಸಂವಿಧಾನ ದೊಡ್ಡ ರಕ್ಷಣೆ ಕೊಟ್ಟಿದೆ. ಸುಪ್ರೀಂ ಕೋರ್ಟು, ಹೈಕೋರ್ಟುಗಳ ನ್ಯಾಯಮೂರ್ತಿಗಳನ್ನು ಸರ್ಕಾರ ತನ್ನ ಇಷ್ಟದಂತೆ ತೆಗೆದುಹಾಕುವಂತಿಲ್ಲ. ತೀರ್ಪು ಹಿಡಿಸಲಿಲ್ಲವೆಂದು ಅವರ ಸಂಬಳ ಕಡಿತ ಮಾಡುವಂತಿಲ್ಲ. ತಾಲ್ಲೂಕು, ಜಿಲ್ಲಾ ನ್ಯಾಯಾಧೀಶರ ವರ್ಗಾವಣೆ, ಶಿಸ್ತು ಕ್ರಮಗಳು 235ನೇ ವಿಧಿಯ ಪ್ರಕಾರ ಹೈಕೋರ್ಟಿನ ಕೈಯಲ್ಲಿವೆಯೇ ಹೊರತು ಮಂತ್ರಿಗಳ ಕೈಯಲ್ಲಿಲ್ಲ. ಇಷ್ಟೆಲ್ಲ ಅವರಿಗೇಕೆ ಎಂದು ಕೇಳಬಹುದು. ಈ ರಕ್ಷಣೆ ಸಡಿಲವಾದಾಗ ಏನಾಯಿತು ಎನ್ನುವುದೇ ಉತ್ತರ.

1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ಪ್ರಕರಣದ ತೀರ್ಪು ಬಂತು. ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಮರುದಿನವೇ ಸರ್ಕಾರ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ಬದಿಗೊತ್ತಿ ಅವರಿಗಿಂತ ಕಿರಿಯರಾದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಎಂದು ಪ್ರಕಟಿಸಿತು. ಹಾಗೆ ಬದಿಗೆ ಸರಿಸಲ್ಪಟ್ಟವರಲ್ಲಿ ನಮ್ಮ ಕಾರ್ಕಳ ಕಡೆಯ ಕೆ.ಎಸ್. ಹೆಗ್ಡೆಯವರೂ ಒಬ್ಬರು. ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು. ಉಳಿದವರಿಗೆ ಅದು ಪಾಠವಾಗಲಿ ಎಂಬುದೇ ಸರ್ಕಾರದ ಉದ್ದೇಶವಾಗಿತ್ತು ಎಂದು ಆಗ ಅನೇಕರು ಹೇಳಿದರು.

ಮೂರು ವರ್ಷಗಳಲ್ಲಿ ಪಾಠದ ಫಲ ಕಂಡಿತು. ತುರ್ತುಪರಿಸ್ಥಿತಿಯಲ್ಲಿ ವಿಚಾರಣೆಯಿಲ್ಲದೆ ಜೈಲಿಗೆ ಹಾಕಿದವರು ಕೋರ್ಟಿಗೆ ಬಂದು ಕೇಳಬಹುದೇ ಎಂಬ ಪ್ರಶ್ನೆ ಎದ್ದಿತು. ಒಂಬತ್ತು ಹೈಕೋರ್ಟುಗಳು ಕೇಳಬಹುದು ಎಂದಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಕೇಳುವಂತಿಲ್ಲ ಎಂದರು. ಎಚ್.ಆರ್. ಖನ್ನಾ ಒಬ್ಬರೇ ಭಿನ್ನ ತೀರ್ಪು ಬರೆದರು. ಅವರಿಗೆ ಬರಬೇಕಾಗಿದ್ದ ಮುಖ್ಯ ನ್ಯಾಯಮೂರ್ತಿ ಸ್ಥಾನ 1977ರ ಜನವರಿಯಲ್ಲಿ ತಪ್ಪಿಹೋಯಿತು. 1976ರಲ್ಲೇ 16 ಹೈಕೋರ್ಟ್ ನ್ಯಾಯಮೂರ್ತಿಗಳನ್ನು ಬೇರೆ ರಾಜ್ಯಗಳಿಗೆ ವರ್ಗ ಮಾಡಲಾಯಿತು. ಅವರಲ್ಲಿ ಕರ್ನಾಟಕದವರೂ ಇದ್ದರು.

ಇದೆಲ್ಲ ದೊಡ್ಡವರ ವಿಷಯ ಎಂದುಕೊಳ್ಳಬೇಡಿ. ಆ ತೀರ್ಪು ಬಂದ ಕೆಲವೇ ದಿನಗಳಲ್ಲಿ, 1976ರ ಮೇ ತಿಂಗಳಲ್ಲಿ, ಸ್ನೇಹಲತಾ ರೆಡ್ಡಿಯವರನ್ನು ಬಂಧಿಸಿ ಬೆಂಗಳೂರಿನ ಸೆಂಟ್ರಲ್ ಜೈಲಿಗೆ ಹಾಕಿದರು. 'ಸಂಸ್ಕಾರ' ಚಿತ್ರದಲ್ಲಿ ನಟಿಸಿದ್ದ, ರಂಗಭೂಮಿಯಲ್ಲಿ ದುಡಿದ ಹೆಣ್ಣುಮಗಳು ಆಕೆ. ಆಸ್ತಮಾ ಕಾಯಿಲೆ ಬೇರೆ. ತಿಂಗಳುಗಟ್ಟಲೆ ಜೈಲಿನಲ್ಲಿ ನರಳಿ, ದೇಹ ಸ್ಥಿತಿ ಪೂರ್ತಿ ಹದಗೆಟ್ಟ ಮೇಲೆ 1977ರ ಜನವರಿ 15ರಂದು ಹೊರಗೆ ಬಿಟ್ಟರು. ಐದೇ ದಿನಗಳಲ್ಲಿ ತೀರಿಕೊಂಡರು. ಬಾಗಿಲು ತಟ್ಟಿದರೆ ತೆರೆಯುವ ಕೋರ್ಟು ಅವರ ಪಾಲಿಗೆ ಇರಲಿಲ್ಲ. ಆ 1976ರ ತೀರ್ಪು ತಪ್ಪು ಎಂದು ಸುಪ್ರೀಂ ಕೋರ್ಟು ತಾನೇ ತೀರ್ಪಿನಲ್ಲಿ ಬರೆದದ್ದು 2017ರ ಆಗಸ್ಟಿನಲ್ಲಿ, 41 ವರ್ಷಗಳ ಮೇಲೆ.

ಆದ್ದರಿಂದ ನೆನಪಿಡಿ. ಜಡ್ಜಿಗೆ ಫೋನು ಮಾಡಿಸುವ ಶಕ್ತಿ ಇರುವುದು ಯಾರಿಗೆ? ಹೆಣ್ಣು ಹೆತ್ತು, ಸಾಲ ಮಾಡಿ ಮದುವೆ ಮಾಡಿ, ಮಗಳ ಸುಟ್ಟ ದೇಹವನ್ನು ಆಸ್ಪತ್ರೆಯಿಂದ ತಂದ ತಂದೆತಾಯಿಗೋ, ಕಾರು ಸೈಟು ಕೇಳಿದ ಗಂಡಿನ ಕಡೆಯವರಿಗೋ? ಕೋರ್ಟಿಗೆ ಶಿಫಾರಸು ನಡೆಯುವಂತಾದರೆ ಮೊದಲು ಸೋಲುವವರು ನಾವೇ. ಎಂ.ಎಲ್.ಎ. ಮಾತಿಗೆ ಒಮ್ಮೆ ನಮ್ಮ ಪರ ಬಾಗುವ ಜಡ್ಜು ಹತ್ತು ಸಲ ಅವರ ಪರ ಬಾಗುತ್ತಾರೆ.

ಸ್ವತಂತ್ರ ನ್ಯಾಯಾಲಯವೂ ತಪ್ಪಿದಾಗ

ಇನ್ನು ಮೊದಲನೆಯ ಪ್ರಶ್ನೆಗೆ ಬರೋಣ. ಯಾರ ಒತ್ತಡವೂ ಇಲ್ಲದೆ, ಸಂಪೂರ್ಣ ಸ್ವತಂತ್ರವಾಗಿಯೇ, ನ್ಯಾಯಾಧೀಶರು ಹೆಣ್ಣಿಗೆ ಅನ್ಯಾಯ ಮಾಡಬಹುದು. ಏಕೆಂದರೆ ಅವರೂ ಇದೇ ಸಮಾಜದಲ್ಲಿ ಬೆಳೆದವರು.

1972ರಲ್ಲಿ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ದೇಸಾಯಿಗಂಜ್ ಪೊಲೀಸ್ ಠಾಣೆಯೊಳಗೆ ಒಬ್ಬ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರವಾಯಿತೆಂಬ ದೂರು ಬಂತು. ಇದೇ ಮಥುರಾ ಪ್ರಕರಣ. ಸೆಷನ್ಸ್ ಕೋರ್ಟು ಆರೋಪಿ ಪೊಲೀಸರನ್ನು ಬಿಟ್ಟಿತು. ಹೈಕೋರ್ಟು ಶಿಕ್ಷೆ ಕೊಟ್ಟಿತು. 1978ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಬಿಟ್ಟಿತು. ಹುಡುಗಿಯ ಮೈಮೇಲೆ ಗಾಯಗಳಿಲ್ಲ, ಆದ್ದರಿಂದ ಅವಳು ಪ್ರತಿಭಟಿಸಲಿಲ್ಲ ಎಂಬ ತರ್ಕ! ರಾತ್ರಿ ಹೊತ್ತು, ಠಾಣೆಯ ಒಳಗೆ, ಲಾಠಿ ಹಿಡಿದವರ ಎದುರು ಹಳ್ಳಿಯ ಹುಡುಗಿಯೊಬ್ಬಳು ಹೇಗೆ ಪ್ರತಿಭಟಿಸಬೇಕಿತ್ತು?

ಆಗ ಏನು ಮಾಡಿದರು ಎಂಬುದನ್ನು ಗಮನಿಸಿ. 1979ರ ಸೆಪ್ಟೆಂಬರಿನಲ್ಲಿ ನಾಲ್ವರು ಕಾನೂನು ಅಧ್ಯಾಪಕರು, ಅಂದರೆ ಉಪೇಂದ್ರ ಬಕ್ಷಿ, ರಘುನಾಥ ಕೇಳ್ಕರ್, ಲತಿಕಾ ಸರ್ಕಾರ್ ಮತ್ತು ವಸುಧಾ ಧಗಮ್‌ವಾರ್, ದೇಶದ ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ನ್ಯಾಯಮೂರ್ತಿಗಳನ್ನು ಬೈಯಲಿಲ್ಲ. ಸಮ್ಮತಿಯೇ ಬೇರೆ, ಹೆದರಿ ಸುಮ್ಮನಿರುವುದೇ ಬೇರೆ ಎಂದು ಸಾಕ್ಷ್ಯವನ್ನೂ ಕಾನೂನನ್ನೂ ಮುಂದಿಟ್ಟು ತೀರ್ಪಿನ ತರ್ಕವನ್ನು ಪ್ರಶ್ನಿಸಿದರು. ಊರೂರಿನಲ್ಲಿ ಮಹಿಳಾ ಸಂಘಟನೆಗಳು ಬೀದಿಗಿಳಿದವು. ಸುಪ್ರೀಂ ಕೋರ್ಟಿನ ಆ ತೀರ್ಪು ಬದಲಾಗಲಿಲ್ಲ. ಆದರೆ 1983ರಲ್ಲಿ ಕಾನೂನೇ ಬದಲಾಯಿತು. ಪೊಲೀಸ್ ವಶದಲ್ಲಿ ಸಂಭೋಗ ನಡೆದದ್ದು ರುಜುವಾಗಿ, ಹೆಣ್ಣು ತನ್ನ ಸಮ್ಮತಿ ಇರಲಿಲ್ಲ ಎಂದು ಸಾಕ್ಷಿ ಹೇಳಿದರೆ ನ್ಯಾಯಾಲಯ ಅದನ್ನು ನಂಬಿಯೇ ಹೊರಡಬೇಕು ಎಂಬ ನಿಯಮ ಬಂತು. ಗಂಡನ ಮನೆಯ ಕ್ರೌರ್ಯವನ್ನು ಅಪರಾಧವಾಗಿಸಿದ 498ಎ ಕಲಂ ಕೂಡ ಅದೇ 1983ರ ಕೂಸು.

ಎರಡನೆಯ ಉದಾಹರಣೆ ದೆಹಲಿಯದು. 1980ರ ಡಿಸೆಂಬರ್ 1ರಂದು ತುಂಬು ಗರ್ಭಿಣಿ ಸೊಸೆಯೊಬ್ಬಳು ಬೆಂಕಿಗೆ ಆಹುತಿಯಾದಳು. ನೆರೆಹೊರೆಯವರು ಧೈರ್ಯವಾಗಿ ಸಾಕ್ಷಿ ಹೇಳಿದರು. 1983ರ ಮೇ ತಿಂಗಳಲ್ಲಿ ಸೆಷನ್ಸ್ ಕೋರ್ಟು ಗಂಡ, ಅತ್ತೆ, ಮೈದುನ ಮೂವರಿಗೂ ಮರಣದಂಡನೆ ವಿಧಿಸಿತು. ಆರೇ ತಿಂಗಳಲ್ಲಿ ಹೈಕೋರ್ಟು ಮೂವರನ್ನೂ ಬಿಡುಗಡೆ ಮಾಡಿತು. ಮಹಿಳೆಯರು ಆ ತೀರ್ಪಿನ ವಿರುದ್ಧ ದನಿಯೆತ್ತಿದರು. ಅಷ್ಟಕ್ಕೇ ನಿಲ್ಲದೆ ಸರ್ಕಾರದ ಮೇಲ್ಮನವಿಯ ಜೊತೆಗೆ ಮಹಿಳಾ ವಕೀಲರ ಒಕ್ಕೂಟವೂ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. 1985ರಲ್ಲಿ ಸುಪ್ರೀಂ ಕೋರ್ಟು ಗಂಡ ಮತ್ತು ಅತ್ತೆಗೆ ಜೀವಾವಧಿ ಶಿಕ್ಷೆ ವಿಧಿಸಿತು. ಒಂದೇ ಸಾಕ್ಷ್ಯ, ಮೂರು ಕೋರ್ಟು, ಮೂರು ಬಗೆಯ ತೀರ್ಪು. ಕೆಳಗಿನವರು ಏಕೆ ತಪ್ಪು ಎಂದು ಮೇಲಿನವರು ಕಾರಣ ಬರೆದು ಹೇಳಬೇಕು. ಆ ಕಾರಣ ಬರೆಯುವ ಕಟ್ಟುಪಾಡೇ ಹೊಣೆಗಾರಿಕೆಯ ಮೊದಲ ಮೆಟ್ಟಿಲು.

ಕೊಡಲಿಯೂ ಸೂಜಿಯೂ

ತೀರ್ಪು ತಪ್ಪಾಗುವುದು ಬೇರೆ, ನ್ಯಾಯಮೂರ್ತಿಯೇ ತಪ್ಪು ದಾರಿ ಹಿಡಿಯುವುದು ಬೇರೆ. ಎರಡನೆಯದಕ್ಕೆ ಸಂವಿಧಾನ ಇಟ್ಟಿರುವ ಮದ್ದು ವಾಗ್ದಂಡನೆ. ಲೋಕಸಭೆಯ 100 ಅಥವಾ ರಾಜ್ಯಸಭೆಯ 50 ಸದಸ್ಯರು ಸಹಿ ಹಾಕಬೇಕು, ಮೂವರ ಸಮಿತಿ ವಿಚಾರಣೆ ಮಾಡಬೇಕು, ಎರಡೂ ಸದನಗಳಲ್ಲಿ ವಿಶೇಷ ಬಹುಮತ ಬೇಕು. 1993ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ವಿ. ರಾಮಸ್ವಾಮಿಯವರ ವಿಷಯ ಲೋಕಸಭೆಗೆ ಬಂತು. ವಿಚಾರಣಾ ಸಮಿತಿ 14 ಆರೋಪಗಳಲ್ಲಿ 11 ರುಜುವಾತಾಗಿವೆ ಎಂದಿತ್ತು. ಪದಚ್ಯುತಿಯ ಪರ 196 ಮತ ಬಿದ್ದವು, ವಿರುದ್ಧ ಒಂದೂ ಬೀಳಲಿಲ್ಲ. ಆದರೂ ನಿರ್ಣಯ ಸೋತಿತು, ಏಕೆಂದರೆ 205 ಮಂದಿ ಮತವನ್ನೇ ಹಾಕಲಿಲ್ಲ. 2011ರಲ್ಲಿ ಕಲ್ಕತ್ತಾ ಹೈಕೋರ್ಟಿನ ಸೌಮಿತ್ರ ಸೇನ್ ರಾಜ್ಯಸಭೆಯಲ್ಲಿ ನಿರ್ಣಯ ಗೆದ್ದ ಮೇಲೆ ಲೋಕಸಭೆಗೆ ಬರುವ ಮುಂಚೆಯೇ ರಾಜೀನಾಮೆ ಕೊಟ್ಟರು. 1950ರಿಂದ 2025ರ ಕೊನೆಯವರೆಗೆ ಸಂಸತ್ತಿನ ಮತದಿಂದ ಒಬ್ಬ ನ್ಯಾಯಮೂರ್ತಿಯೂ ಪದಚ್ಯುತರಾಗಿಲ್ಲ.

ನಮ್ಮ ಬೆಂಗಳೂರಿನಲ್ಲೇ ಈ ಎರಡೂ ಪ್ರಶ್ನೆಗಳು ಒಂದೇ ದಿನ ಮುಖಾಮುಖಿಯಾದವು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್ ಅವರ ಮೇಲೆ 2009ರಲ್ಲಿ ಜಮೀನು ಒತ್ತುವರಿ ಮೊದಲಾದ ಆರೋಪಗಳು ಬಂದವು. ಅವರು ಅವನ್ನು ನಿರಾಕರಿಸಿದರು. ಆರೋಪ ತೀರ್ಮಾನವಾಗುವವರೆಗೆ ಅವರು ಪೀಠದಲ್ಲಿ ಕೂರಬಾರದು ಎಂದು ವಕೀಲರು ಕೇಳಿದರು. ಕೇಳಿದ್ದು ಸರಿ. ಆದರೆ ಆ ನವೆಂಬರ್ 9ರಂದು ಪ್ರತಿಭಟನೆ ಮಾಡುತ್ತಿದ್ದ ಕೆಲವು ವಕೀಲರು ನ್ಯಾಯಮೂರ್ತಿಗಳನ್ನೇ ಕೋರ್ಟಿನ ಕೋಣೆಯಲ್ಲಿ ಕೂಡಿಹಾಕಿದರು. ಹಾಗೆ ಕೂಡಿಹಾಕಿಸಿಕೊಂಡವರಲ್ಲಿ ಆರೋಪಕ್ಕೆ ಸಂಬಂಧವೇ ಇಲ್ಲದ ಬಿ.ವಿ. ನಾಗರತ್ನ ಅವರೂ ಇದ್ದರು. ಹೊಣೆ ಕೇಳುವ ನ್ಯಾಯವಾದ ಬೇಡಿಕೆ ಬೀಗ ಹಾಕುವ ದಬ್ಬಾಳಿಕೆಯಾದ ಕ್ಷಣ ಅದು. ಇವತ್ತು ವಕೀಲರ ಗುಂಪು ಬೀಗ ಹಾಕಿದರೆ ನಾಳೆ ಜಾತಿಯ ಗುಂಪು ಹಾಕುತ್ತದೆ. ದಿನಕರನ್ ಅವರು ವಿಚಾರಣೆ ಮುಗಿಯುವ ಮುಂಚೆಯೇ 2011ರ ಜುಲೈನಲ್ಲಿ ರಾಜೀನಾಮೆ ಕೊಟ್ಟರು. ಆರೋಪ ನಿಜವೋ ಸುಳ್ಳೋ ಎಂಬ ಉತ್ತರ ಜನರಿಗೆ ಸಿಗದೇ ಹೋಯಿತು.

ವಾಗ್ದಂಡನೆ ಎನ್ನುವುದು ಕೊಡಲಿ ಇದ್ದಂತೆ. ಮರ ಕಡಿಯಲು ಬೇಕು, ಆದರೆ ಹರಿದ ರವಿಕೆ ಹೊಲಿಯಲು ಬರುವುದಿಲ್ಲ. ದಿನನಿತ್ಯದ ತಪ್ಪುಗಳಿಗೆ ಸೂಜಿ ಬೇಕು. ಆ ಸೂಜಿ ಎಂದರೆ ಬೆಳಕು.

2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಒಂದು ಜಾಮೀನು ಆದೇಶದಲ್ಲಿ, ಅತ್ಯಾಚಾರವಾದ ಮೇಲೆ ದಣಿದು ನಿದ್ದೆ ಹೋದೆ ಎಂದ ಮಹಿಳೆಯ ಮಾತು ಭಾರತೀಯ ನಾರಿಗೆ ತಕ್ಕುದಲ್ಲ ಎಂಬರ್ಥದ ಸಾಲು ಬಂತು. ದೇಶದ ತುಂಬ ಟೀಕೆ ಎದ್ದಿತು. ಕೆಲವೇ ದಿನಗಳಲ್ಲಿ ಆ ಸಾಲನ್ನು ಆದೇಶದಿಂದ ತೆಗೆಯಲಾಯಿತು. ಅದೇ ವರ್ಷ ಮಧ್ಯಪ್ರದೇಶದ ಹೈಕೋರ್ಟು, ಹೆಣ್ಣಿನ ಮೈಮೇಲೆ ಕೈಹಾಕಿದ ಆರೋಪಿಗೆ ಅವಳಿಂದಲೇ ರಾಖಿ ಕಟ್ಟಿಸಿಕೊಳ್ಳುವ ಷರತ್ತು ಹಾಕಿ ಜಾಮೀನು ಕೊಟ್ಟಿತು. ಮಹಿಳಾ ವಕೀಲರು ಸುಪ್ರೀಂ ಕೋರ್ಟಿಗೆ ಹೋದರು. 2021ರ ಮಾರ್ಚಿನಲ್ಲಿ ಆ ಷರತ್ತು ರದ್ದಾಯಿತು. 2024ರ ಸೆಪ್ಟೆಂಬರಿನಲ್ಲಿ ನಮ್ಮ ಹೈಕೋರ್ಟಿನ ನೇರಪ್ರಸಾರದಲ್ಲಿ ನ್ಯಾಯಮೂರ್ತಿಯೊಬ್ಬರು ಮಹಿಳಾ ವಕೀಲರಿಗೆ ಆಡಿದ ಹಗುರ ಮಾತನ್ನು ಜನ ಕಂಡರು. ಸುಪ್ರೀಂ ಕೋರ್ಟು ತಾನಾಗಿಯೇ ವಿಷಯ ಕೈಗೆತ್ತಿಕೊಂಡಿತು. ಆ ನ್ಯಾಯಮೂರ್ತಿ ತೆರೆದ ನ್ಯಾಯಾಲಯದಲ್ಲಿ ವಿಷಾದ ಹೇಳಿದರು. ಈ ಮೂರರಲ್ಲೂ ಯಾರ ಕೆಲಸವೂ ಹೋಗಲಿಲ್ಲ, ಯಾರ ಸ್ವಾತಂತ್ರ್ಯಕ್ಕೂ ಧಕ್ಕೆ ಬರಲಿಲ್ಲ. ತಪ್ಪು ಮಾತ್ರ ತಿದ್ದಿತು.

ನಮ್ಮ 498ಎ ಕಥೆ

ಎಲ್ಲವೂ ಹೀಗೆ ಸುಖಾಂತವಲ್ಲ. 2017ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರ ಪೀಠ, 498ಎ ದೂರುಗಳು ಮೊದಲು ಕುಟುಂಬ ಕಲ್ಯಾಣ ಸಮಿತಿಗೆ ಹೋಗಬೇಕು, ಸಮಿತಿಯ ವರದಿ ಬರುವವರೆಗೆ ಸಾಮಾನ್ಯವಾಗಿ ಬಂಧನ ಬೇಡ ಎಂದಿತು. ಅಂಥ ಸಮಿತಿ ಕಾನೂನಿನಲ್ಲಿ ಎಲ್ಲೂ ಇಲ್ಲ. ಮಹಿಳಾ ಸಂಘಟನೆಗಳು ಪ್ರಶ್ನಿಸಿದವು. 2018ರ ಸೆಪ್ಟೆಂಬರಿನಲ್ಲಿ ಮೂವರ ಪೀಠ ಆ ಸಮಿತಿಗಳನ್ನು ಕೈಬಿಟ್ಟಿತು. ನಾವು ನಿಟ್ಟುಸಿರು ಬಿಟ್ಟೆವು. ಆದರೆ 2022ರಲ್ಲಿ ಅಲಹಾಬಾದ್ ಹೈಕೋರ್ಟು ಕೊಲೆಯತ್ನದಂಥ ಆರೋಪ ಇಲ್ಲದ ಪ್ರಕರಣಗಳಲ್ಲಿ ಎರಡು ತಿಂಗಳ ತಡೆ ಮತ್ತು ಅದೇ ಬಗೆಯ ಸಮಿತಿಯನ್ನು ಮತ್ತೆ ತಂದಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರ ಪೀಠ ಅದನ್ನು ಎತ್ತಿಹಿಡಿಯಿತು.

ಪೊಲೀಸರು ಕಣ್ಣುಮುಚ್ಚಿ ಬಂಧಿಸಬಾರದು, ಕಾರಣ ಬರೆಯಬೇಕು ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನು ನಾನು ವಿರೋಧಿಸುವುದಿಲ್ಲ. ಅಧಿಕಾರ ಇರುವವರು ಕಾರಣ ಬರೆಯಲಿ ಎಂದೇ ನಾನೂ ಹೇಳುತ್ತಿರುವುದು. ಆದರೆ ಏಟು ತಿಂದು ಠಾಣೆಗೆ ಬಂದ ಹೆಣ್ಣಿಗೆ ಎರಡು ತಿಂಗಳು ತಾಳು ಎನ್ನುವ ನಿಯಮವನ್ನು ಸಂಸತ್ತು ಮಾಡಿಲ್ಲ. ಹೊಸ ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಂದು ಜಾರಿಗೆ ಬಂತು. 498ಎ ಅಲ್ಲಿ 85 ಮತ್ತು 86ನೇ ಕಲಂ ಆಗಿದೆ, ವರದಕ್ಷಿಣೆ ಸಾವಿನ 304ಬಿ 80ನೇ ಕಲಂ ಆಗಿದೆ. ಅಲ್ಲೂ ಇಂಥ ಸಮಿತಿ ಇಲ್ಲ. ನ್ಯಾಯಾಧೀಶರು ಕಾನೂನನ್ನು ಅರ್ಥೈಸಲಿ, ಆದರೆ ಶಾಸನವನ್ನೇ ಬರೆಯಹೊರಟರೆ ಯಾವ ಅಧಿಕಾರದಿಂದ ಎಂದು ಕೇಳುವ ಹಕ್ಕು ನಮಗಿದೆ. ಈ ಹೋರಾಟ ಇನ್ನೂ ಮುಗಿದಿಲ್ಲ.

ನ್ಯಾಯಮೂರ್ತಿಗಳನ್ನು ಯಾರು ಆರಿಸುತ್ತಾರೆ ಎಂಬುದೂ ಇದಕ್ಕೆ ಸೇರಿದ ಪ್ರಶ್ನೆ. 1993ರಿಂದ ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂ ಆರಿಸುತ್ತಿದೆ. ಸರ್ಕಾರಕ್ಕೂ ಪಾಲು ಕೊಡುವ ಆಯೋಗವನ್ನು 2015ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು. ಮಂತ್ರಿಗಳ ಕೈ ಬೇಡ, ಒಪ್ಪಿದೆ. ಮುಚ್ಚಿದ ಬಾಗಿಲೂ ಬೇಡ. 1950ರಿಂದ 2025ರವರೆಗೆ ಸುಪ್ರೀಂ ಕೋರ್ಟಿಗೆ ಬಂದ ಮಹಿಳೆಯರು ಕೇವಲ 11. ಮೊದಲನೆಯವರಾದ ಫಾತಿಮಾ ಬೀವಿಯವರು ಬಂದದ್ದೇ 1989ರಲ್ಲಿ. 2025ರ ಕೊನೆಗೆ ಅಲ್ಲಿದ್ದವರು ನಮ್ಮ ನಾಗರತ್ನ ಒಬ್ಬರೇ. ಯಾವ ಅರ್ಹತೆ ನೋಡಿ ಯಾರನ್ನು ಬಿಟ್ಟರು ಎಂಬ ಕಾರಣ ಹೊರಗೆ ಬರದಿದ್ದರೆ ಈ ಲೆಕ್ಕ ಬದಲಾಗುವುದಿಲ್ಲ.

ಸಂಘದ ಹೆಂಗಸರು ಮಾಡಬಹುದಾದದ್ದು

ದೆಹಲಿ ದೂರ ಎನ್ನಬೇಡಿ. ನಮ್ಮ ತಾಲ್ಲೂಕಿನ ಕೋರ್ಟಿನಲ್ಲೇ ಮಾಡಬಹುದಾದ ಕೆಲಸವಿದೆ.

ಒಂದು, ಕೋರ್ಟಿಗೆ ಹೋಗಿ ಕೂರಿ. ಅತ್ಯಾಚಾರದ ಪ್ರಕರಣ ಮತ್ತು ಕೌಟುಂಬಿಕ ನ್ಯಾಯಾಲಯದ ಕೆಲವು ವಿಚಾರಣೆಗಳು ಮುಚ್ಚಿದ ಕೊಠಡಿಯಲ್ಲಿ ನಡೆಯುತ್ತವೆ. ವರದಕ್ಷಿಣೆ ಸಾವಿನ ಕೇಸು ಸಾಮಾನ್ಯವಾಗಿ ತೆರೆದ ನ್ಯಾಯಾಲಯದಲ್ಲೇ ನಡೆಯುತ್ತದೆ. ಸಂಘದ ಐದು ಜನ ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ಕುಳಿತರೆ ಸಾಕು. ಘೋಷಣೆ ಬೇಡ. ನೋಡುವ ಕಣ್ಣು ಇದೆ ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ.

ಎರಡು, ವಾಯಿದೆಗಳ ಲೆಕ್ಕ ಇಡಿ. ಯಾವ ತಾರೀಕು, ಏಕೆ ಮುಂದೆ ಹೋಯಿತು, ಯಾರು ಬರಲಿಲ್ಲ ಎಂದು ಬರೆದಿಡಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಪ್ರಕಾರ ಅರ್ಜಿ ಬಂದ ಮೂರು ದಿನಗಳೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ ಇಡಬೇಕು, ಅಲ್ಲಿಂದ 60 ದಿನಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು. ಆರು ವಾಯಿದೆ ದಾಟಿದ ಮೇಲೆ ನಿಮ್ಮ ಪುಸ್ತಕವೇ ಮಾತಾಡುತ್ತದೆ.

ಮೂರು, ಆದೇಶದ ದೃಢೀಕೃತ ನಕಲು ಪಡೆಯಿರಿ. ಕೇಸು ಹೋಯಿತು ಎಂಬ ವಕೀಲರ ಒಂದು ಮಾತಿಗೆ ನಿಲ್ಲಬೇಡಿ. ಏಕೆ ಹೋಯಿತು ಎಂದು ಓದಿಸಿಕೊಳ್ಳಿ. ಸಾಕ್ಷಿ ತಿರುಗಿಬಿದ್ದನೋ, ಪೊಲೀಸರ ತನಿಖೆ ಸಡಿಲವೋ, ಅಥವಾ ಜಡ್ಜಿನ ತರ್ಕವೇ ತಪ್ಪೋ ಎಂಬುದು ಅಲ್ಲಿ ಗೊತ್ತಾಗುತ್ತದೆ.

ನಾಲ್ಕು, ಮೇಲ್ಮನವಿ ಮಾಡಿ. 2009ರ ಡಿಸೆಂಬರ್ 31ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಆರೋಪಿ ಬಿಡುಗಡೆಯಾದರೆ ನೊಂದವರೇ, ಅವರು ತೀರಿಹೋಗಿದ್ದರೆ ವಾರಸುದಾರರು, ಮೇಲ್ಮನವಿ ಹಾಕಬಹುದು. ಸರ್ಕಾರ ಹಾಕಲಿ ಎಂದು ಕಾಯಬೇಕಾಗಿಲ್ಲ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 413ನೇ ಕಲಂನಲ್ಲೂ ಈ ಹಕ್ಕು ಉಳಿದಿದೆ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನು ಮಾಡಿ.

ಐದು, ತೀರ್ಪನ್ನು ಟೀಕಿಸಲು ಹೆದರಬೇಡಿ. ಮುಗಿದ ಪ್ರಕರಣದ ಗುಣದೋಷಗಳ ಮೇಲಿನ ನ್ಯಾಯಯುತ ಟೀಕೆ ನ್ಯಾಯಾಂಗ ನಿಂದನೆಯಲ್ಲ ಎಂದು 1971ರ ಕಾಯ್ದೆಯ 5ನೇ ಕಲಮ್ಮೇ ಹೇಳುತ್ತದೆ. ಆದರೆ ರುಜುವಾತಿಲ್ಲದೆ ದುಡ್ಡು ತಿಂದಿದ್ದಾರೆ ಎಂದು ಕೂಗಬೇಡಿ. ನ್ಯಾಯಾಧೀಶರು ಹೆಣ್ಣನ್ನು ಅವಮಾನಿಸಿದರೆ, ಕೆಟ್ಟದಾಗಿ ನಡೆದುಕೊಂಡರೆ, ದಿನಾಂಕ ಮತ್ತು ವಿವರಗಳೊಂದಿಗೆ ಸಹಿ ಮಾಡಿದ ದೂರನ್ನು ಹೈಕೋರ್ಟಿಗೆ ಕಳಿಸಿ. ದೂರು ನಡತೆಯ ಬಗ್ಗೆ ಇರಲಿ. ತೀರ್ಪಿಗೆ ಮದ್ದು ಮೇಲ್ಮನವಿ.

ಕೊನೆಯದು ಕಷ್ಟದ ಮಾತು. 2019ರ ಡಿಸೆಂಬರಿನಲ್ಲಿ ಹೈದರಾಬಾದಿನ ಪೊಲೀಸರು ಅತ್ಯಾಚಾರದ ನಾಲ್ವರು ಆರೋಪಿಗಳನ್ನು ಗುಂಡಿಕ್ಕಿ ಕೊಂದಾಗ ಅನೇಕ ಹೆಂಗಸರು ಸಿಹಿ ಹಂಚಿದರು. ಕೋರ್ಟಿನ ನಿಧಾನ ನೋಡಿ ಬೇಸತ್ತವರ ಸಂತೋಷ ಅದು, ನನಗೆ ಅರ್ಥವಾಗುತ್ತದೆ. ಸುಪ್ರೀಂ ಕೋರ್ಟು ನೇಮಿಸಿದ ಆಯೋಗದ ವರದಿ 2022ರಲ್ಲಿ ಹೊರಬಂತು. ಪೊಲೀಸರು ಕೊಲ್ಲಬೇಕೆಂದೇ ಗುಂಡು ಹಾರಿಸಿದರು ಎಂದು ಅದು ಹೇಳಿತು. ದೇಸಾಯಿಗಂಜ್ ಠಾಣೆಯಲ್ಲಿ ಇದ್ದವರೂ ಪೊಲೀಸರೇ ಎಂಬುದನ್ನು ಮರೆಯಬೇಡಿ. ಬಂದೂಕು ಯಾರಿಗೂ ಕಾರಣ ಬರೆದುಕೊಡುವುದಿಲ್ಲ. ಅದರ ಮೇಲೆ ಮೇಲ್ಮನವಿಯೂ ಇಲ್ಲ.

ಜಡ್ಜಿಗೆ ಮಾತು ಹೇಳಿಸಬೇಡಿ. ಜಡ್ಜು ಬರೆದ ಮಾತನ್ನು ಮಾತ್ರ ಬಿಡದೆ ಓದಿ, ಕೇಳಿ, ಪ್ರಶ್ನಿಸಿ. ಮುಂದಿನ ಸಭೆಯಲ್ಲಿ ಪ್ರತಿ ಸಂಘವೂ ಒಂದು ಠರಾವು ಮಾಡಲಿ: ನಮ್ಮ ತಾಲ್ಲೂಕಿನಲ್ಲಿ ನಡೆಯುತ್ತಿರುವ ಒಂದು ವರದಕ್ಷಿಣೆ ಕೇಸಿಗೆ, ತೀರ್ಪು ಬರುವವರೆಗೆ, ಸರದಿಯ ಮೇಲೆ ಇಬ್ಬರು ಹೋಗಿ ಕೂರುತ್ತೇವೆ ಎಂದು. ನಡಾವಳಿ ಪುಸ್ತಕದಲ್ಲಿ ಅದನ್ನು ಬರೆದು ಸಹಿ ಹಾಕಿ. ಉಳಿದ ಪ್ರಶ್ನೆಗಳನ್ನು ಈಗ ನೀವು ಕೇಳಿ, ನನಗೆ ತಿಳಿದಷ್ಟು ಹೇಳುತ್ತೇನೆ.